ಬಿಲ ಹೊಗುವ ಬೇಟೆನಾಯಿ

ಹಳೆಯ ಗ್ರಾಮಫೋನ್ ತಟ್ಟೆಗಳ ನಡುವೆ ಅಂಟಿಸಿದ ಚೀಟಿಯ ಮೇಲೆ ಒಂದು ನಾಯಿಯ ಚಿತ್ರವಿರುವುದನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ತುತ್ತೂರಿಯ ಬಾಯಿಯ ಮುಂದೆ ಕುಳಿತು, ತಲೆಯನ್ನು ತುಸು ಓರೆಮಾಡಿ, ಒಡೆಯನ ಧ್ವನಿಯನ್ನು ಆಲಿಸುತ್ತಿರುವ ಆ ನಾಯಿಯ ಹೆಸರು ನಿಪ್ಪರ್. 1884ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಹುಟ್ಟಿದ ಅದು ಟೆರಿಯರ್ ಜಾತಿಯ ಮಿಶ್ರ ಸಂತಾನ. ಚಿತ್ರವನ್ನು ಬರೆದವನು ಫ್ರಾನ್ಸಿಸ್ ಬರಾಡ್ ಎಂಬ ಕಲಾವಿದ. ಧ್ವನಿಶಾಸ್ತ್ರದ ಪಾಠದಲ್ಲಿ ನಾವು ತುತ್ತೂರಿಯ ವಿಷಯವನ್ನು ವಿಸ್ತಾರವಾಗಿ ಹೇಳುತ್ತೇವೆ. ನಾಯಿಯ ವಿಷಯವನ್ನು ಬಿಟ್ಟುಬಿಡುತ್ತೇವೆ. ಆದರೆ ವಿಜ್ಞಾನದ ವಿದ್ಯಾರ್ಥಿಯು ಆ ನಾಯಿಯ ಕುಲದಿಂದ ಕಲಿಯಬೇಕಾದುದು ತುತ್ತೂರಿಯಿಂದ ಕಲಿಯಬೇಕಾದುದಕ್ಕಿಂತ ಕಡಮೆಯೇನೂ ಅಲ್ಲ.

ಲ್ಯಾಟಿನ್ ಭಾಷೆಯಲ್ಲಿ 'ಟೆರಾ' ಎಂದರೆ ಭೂಮಿ. ನೆಲದೊಳಕ್ಕೆ ಹೋಗುವ ನಾಯಿ ಆದುದರಿಂದ ಅದು ಟೆರಿಯರ್. ಇಂಗ್ಲೆಂಡಿನ ನಾಯಿಗಳನ್ನು ವರ್ಗೀಕರಿಸಿ ಜಾನ್ ಕೀಸ್ ಎಂಬ ವೈದ್ಯನು 1570ರಲ್ಲಿ ಪ್ರಕಟಿಸಿದ ಲ್ಯಾಟಿನ್ ಗ್ರಂಥದಲ್ಲಿಯೇ ಈ ನಾಯಿಯ ಪ್ರಸ್ತಾಪ ಉಂಟು. ನರಿಯನ್ನೂ ಬ್ಯಾಜರ್ ಎಂಬ ಬಿಲವಾಸಿಯನ್ನೂ ಹುಡುಕಿಕೊಂಡು ನೆಲದೊಳಕ್ಕೆ ನುಸುಳುವ ನಾಯಿಯೆಂದು ಅವನು ಅದನ್ನು ವರ್ಣಿಸಿದ್ದಾನೆ. ಕೇಂಬ್ರಿಜಿನಲ್ಲಿ ಇವನ ಹೆಸರಿನ ಕಾಲೇಜೊಂದಿದೆ. ಕೃಷ್ಣರಂಧ್ರಗಳ ಅಧ್ಯಯನದಿಂದ ಪ್ರಖ್ಯಾತರಾದ ಸ್ಟೀಫನ್ ಹಾಕಿಂಗರು ಫೆಲೋ ಆಗಿದ್ದುದು ಆ ಕಾಲೇಜಿನಲ್ಲಿಯೇ. ನಾಯಿಗೂ ಭೌತವಿಜ್ಞಾನಕ್ಕೂ ಇಷ್ಟಾದರೂ ನೆಂಟಸ್ತಿಕೆ ಇದ್ದೇ ಇದೆ.

ನಮ್ಮ ಮುಧೋಳ ನಾಯಿಯು ಬೇಟೆಯನ್ನು ಕಣ್ಣಿನಿಂದ ಕಂಡು, ಬಯಲಿನಲ್ಲಿ ಬೆನ್ನಟ್ಟಿ ಹಿಡಿಯುವುದಕ್ಕೆ ರೂಪುಗೊಂಡುದು. ಅದಕ್ಕೆ ನೀಳವಾದ ಕಾಲು, ಆಳವಾದ ಎದೆ, ಸಣ್ಣ ಸೊಂಟ. ಟೆರಿಯರಿನ ಕೆಲಸ ಇದಕ್ಕೆ ತೀರ ವಿರುದ್ಧವಾದುದು. ಇಂಗ್ಲೆಂಡಿನ ಸಾಂಪ್ರದಾಯಿಕ ನರಿಬೇಟೆಯಲ್ಲಿ ಕೆಂಪುನರಿಯನ್ನು ಅಟ್ಟಿಸಿಕೊಂಡು ಹೋಗುತ್ತಿದ್ದುದು ಹೌಂಡ್ ನಾಯಿಗಳ ಹಿಂಡು. ನರಿಯು ಬಿಲವನ್ನು ಹೊಕ್ಕಿತೆಂದರೆ ಇಡೀ ಹಿಂಡು ನಿರುಪಯೋಗಿ. ಆಗ ಟೆರಿಯರನ್ನು ಬಿಲಕ್ಕೆ ಬಿಡುವರು. ಅದು ಕತ್ತಲೆಯಲ್ಲಿ, ಒಂಟಿಯಾಗಿ, ಒಡೆಯನ ಕಣ್ಣಿಗೂ ಕೈಗೂ ಸಿಗದ ಸ್ಥಳದಲ್ಲಿ, ವಾಸನೆಯೊಂದನ್ನೇ ನಂಬಿ ಮುಂದುವರಿಯಬೇಕು. ನರಿಯ ಮುಂದೆ ನಿಂತು ಬೊಗಳಿ ಬೊಗಳಿ ಅದು ಹೊರಬೀಳುವಂತೆ ಮಾಡಬೇಕು. ಹೊರಬೀಳದಿದ್ದರೆ ಮೇಲಿನವರು ಅಗೆದು ತಲಪುವವರೆಗೂ ಬೊಗಳುತ್ತ ಅದನ್ನು ಅಲ್ಲಿಯೇ ತಡೆದಿರಿಸಬೇಕು. ಮೈಮೇಲೆ ಬಿದ್ದು ಕಚ್ಚಾಡುವ ನಾಯಿಯೇ ಇದಕ್ಕೆ ಯೋಗ್ಯವೆಂದು ನಮಗೆ ತೋರಬಹುದು. ಹಾಗಲ್ಲ. ಅಂಥ ನಾಯಿ ಮೂತಿಯೆಲ್ಲ ಗಾಯವಾಗಿ ವಾರಗಟ್ಟಲೆ ಮೂಲೆಯಲ್ಲಿ ಬೀಳುತ್ತದೆ. ಧೈರ್ಯ ಬೇಕು, ಜೊತೆಗೆ ಹಿಂದೆಗೆಯದೆ, ಮುನ್ನುಗ್ಗದೆ ನಿಲ್ಲುವ ತಾಳ್ಮೆಯೂ ಬೇಕು. ಈ ಎರಡನ್ನು ಒಂದೇ ಪ್ರಾಣಿಯಲ್ಲಿ ಕೂಡಿಸುವುದೇ ಟೆರಿಯರ್ ಸಾಕುವವರ ಕಷ್ಟ.

ಎದೆಯ ಅಳತೆ

ಬಿಲವನ್ನು ತೋಡಿದುದು ನಾಯಿಯಲ್ಲ. ಅದರ ಅಗಲ ನರಿಯ ಮೈಗೆ ತಕ್ಕಷ್ಟು. ನರಿಯ ಎದೆಯ ಸುತ್ತಳತೆ ಸುಮಾರು 14 ಅಂಗುಲವೆಂದು, ಅಂದರೆ 35 ಸೆಂಟಿಮೀಟರಿಗೆ ತುಸು ಹೆಚ್ಚೆಂದು, ಟೆರಿಯರ್ ಸಾಕುವವರ ಲೆಕ್ಕ. ಜ್ಯಾಕ್ ರಸೆಲ್ ಟೆರಿಯರಿಗೆ ಅಂತರರಾಷ್ಟ್ರೀಯ ಶ್ವಾನ ಸಂಘಗಳ ಒಕ್ಕೂಟವು ವಿಧಿಸಿರುವ ಪ್ರಮಾಣದಲ್ಲಿ ಮೊಣಕೈಯ ಹಿಂದೆ ಎದೆಯ ಸುತ್ತಳತೆ 40ರಿಂದ 43 ಸೆಂಟಿಮೀಟರು, ಎತ್ತರ 25ರಿಂದ 30 ಸೆಂಟಿಮೀಟರು, ಮತ್ತು ಪ್ರತಿ 5 ಸೆಂಟಿಮೀಟರು ಎತ್ತರಕ್ಕೆ 1 ಕಿಲೋಗ್ರಾಂ ತೂಕ. ನರಿಗಿಂತ ಒಂದಿಷ್ಟು ದಪ್ಪವಾದರೂ ನಾಯಿಯು ಮಣ್ಣನ್ನು ಕೆರೆದು, ಬಾಗುವ ಪಕ್ಕೆಲುಬುಗಳನ್ನು ಅಮುಕಿಕೊಂಡು ಒಳಕ್ಕೆ ಹೋಗಬಲ್ಲದು. ಪರೀಕ್ಷಿಸುವ ರೀತಿ ಬಲು ಸರಳ: ಭುಜಗಳ ಹಿಂದೆ ಎದೆಯ ಸುತ್ತ ಎರಡು ಕೈಗಳನ್ನೂ ಬಳಸಿದರೆ ಬೆರಳುಗಳು ಒಂದನ್ನೊಂದು ಮುಟ್ಟಬೇಕು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿನೋಡೋಣ. ಎದೆಯ ಅಡ್ಡಕೊಯ್ತವನ್ನು ವೃತ್ತವೆಂದೇ ಭಾವಿಸಿದರೆ, 40 ಸೆಂಟಿಮೀಟರು ಪರಿಧಿಯ ವೃತ್ತದ ವಿಸ್ತೀರ್ಣ ಸುಮಾರು 127 ಚದರ ಸೆಂಟಿಮೀಟರು. ಪರಿಧಿ 50 ಆದರೆ ವಿಸ್ತೀರ್ಣ 199. ಸುತ್ತಳತೆ ಹೆಚ್ಚಿದುದು ಕಾಲುಪಾಲು ಮಾತ್ರ. ಬಿಲದಲ್ಲಿ ನಾಯಿ ಆಕ್ರಮಿಸುವ ಸ್ಥಳ ಅರ್ಧಕ್ಕಿಂತಲೂ ಹೆಚ್ಚು ಬೆಳೆಯಿತು. ಆಕಾರ ಬದಲಾಗದೆ ಎಲ್ಲ ದಿಕ್ಕಿಗೂ ಅದೇ ಪ್ರಮಾಣದಲ್ಲಿ ಬೆಳೆದರೆ ತೂಕ ಸುಮಾರು ಇಮ್ಮಡಿಯಾಗುತ್ತದೆ, ಏಕೆಂದರೆ ತೂಕವು ಉದ್ದದ ಘನಕ್ಕೆ ಅನುಗುಣ. ಕಣ್ಣಿಗೆ ಅಲ್ಪವೆಂದು ತೋರುವ ವ್ಯತ್ಯಾಸ ಬಿಲದೊಳಗೆ ಹೋಗುವುದಕ್ಕೂ ನಡುವೆ ಸಿಕ್ಕಿಬೀಳುವುದಕ್ಕೂ ಇರುವ ವ್ಯತ್ಯಾಸವಾಗುವುದು ಹೀಗೆ. ಕಾಲಿನ ಉದ್ದಕ್ಕೆ ಈ ಮಹತ್ತ್ವವಿಲ್ಲ. ನರಿಯ ಕಾಲೇನೂ ಗಿಡ್ಡವಲ್ಲವಷ್ಟೆ! ಕಾಲನ್ನು ಮಡಚಿಕೊಳ್ಳಬಹುದು, ಎದೆಯನ್ನು ಮಡಚಲಾಗದು. ಗಿಡ್ಡ ಕಾಲುಗಳೇ ಬಿಲದ ನಾಯಿಯ ಲಕ್ಷಣವೆಂದು ಡ್ಯಾಕ್ಸ್‌ಹುಂಡ್ ನಾಯಿಯನ್ನು ನೋಡಿ ನಾವು ಎಣಿಸುವುದುಂಟು. ಆ ಗಿಡ್ಡತನಕ್ಕೆ ಕಾರಣ 18ನೆಯ ವರ್ಣತಂತುವಿನಲ್ಲಿ ಸೇರಿಕೊಂಡ ಒಂದು ಜೀನಿನ ಹೆಚ್ಚುವರಿ ಪ್ರತಿಯೆಂದು 2009ರಲ್ಲಿ ಗೊತ್ತಾಯಿತು.

ಒಳಗಿರುವ ನಾಯಿಯನ್ನು ಹೊರಗಿನವರು ಕಂಡುಹಿಡಿಯುವುದೂ ಒಂದು ಭೌತವಿಜ್ಞಾನದ ಸಮಸ್ಯೆಯೇ. ಗಾಳಿಯಿಂದ ಮಣ್ಣಿಗೆ ದಾಟುವಾಗ ಧ್ವನಿಶಕ್ತಿಯ ಬಹುಭಾಗ ಪ್ರತಿಫಲಿಸಿ ಹಿಂದಿರುಗುತ್ತದೆ. ಬಿಲವು ಕೊಳವೆಯಂತೆ ವರ್ತಿಸಿ ಬೊಗಳುವ ಸದ್ದನ್ನು ತನ್ನ ಬಾಯಿಯವರೆಗೂ ಸಾಗಿಸುತ್ತದೆ. ನೆಲಕ್ಕೆ ಕಿವಿಯಿಟ್ಟು ಸ್ಥಳವನ್ನು ಊಹಿಸುವುದು ಆದುದರಿಂದ ಸುಲಭವಲ್ಲ. ಈಚಿನ ದಶಕಗಳಲ್ಲಿ ಕೊರಳಪಟ್ಟಿಯಲ್ಲಿ ಪುಟ್ಟದೊಂದು ಪ್ರೇಷಕವನ್ನು ಕಟ್ಟಿ ಬಿಡುವ ರೂಢಿ ಬಂದಿದೆ. ಅದರ ಸುರುಳಿಯಿಂದ ಹೊರಡುವ ಕಾಂತಕ್ಷೇತ್ರವು ಸಮೀಪದಲ್ಲಿ ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ. 1 ಮೀಟರಿನಲ್ಲಿ 8 ಭಾಗವಿದ್ದುದು 2 ಮೀಟರಿನಲ್ಲಿ 1 ಭಾಗ. ಇಷ್ಟು ಕಡಿದಾಗಿ ಕುಗ್ಗುವುದೇ ಇಲ್ಲಿ ಅನುಕೂಲ: ನಾಯಿಯ ನೆತ್ತಿಯ ಮೇಲೆ ಬಂದೊಡನೆ ಸಂಜ್ಞೆ ಸ್ಪಷ್ಟವಾಗಿ ಏರುತ್ತದೆ. ಪ್ರೇಷಕ ಬರುವುದಕ್ಕೆ ಮೊದಲು ಆಳದಲ್ಲಿ ಸಿಕ್ಕಿಬಿದ್ದ ನಾಯಿಯನ್ನು ಹುಡುಕುವವರಿಗೆ ಕಿವಿಯೇ ಗತಿಯಾಗಿದ್ದಿತು.

ಇಬ್ಬರು ಪರೀಕ್ಷಕರು

1819ರಲ್ಲಿ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಜಾನ್ ರಸೆಲ್ ಎಂಬ ತರುಣನು ಹಾಲು ಮಾರುವವನೊಬ್ಬನಿಂದ ಟ್ರಂಪ್ ಎಂಬ ಹೆಣ್ಣು ಟೆರಿಯರನ್ನು ಕೊಂಡನು. ಬಿಳಿಯ ಮೈ; ಕಣ್ಣು ಕಿವಿಗಳ ಮೇಲೆ ಕಂದುಮಚ್ಚೆ; ಬಾಲದ ಬುಡದಲ್ಲಿ ನಾಣ್ಯದಷ್ಟು ಇನ್ನೊಂದು ಮಚ್ಚೆ. ಈತ ಮುಂದೆ ಡೆವನ್ ಪ್ರಾಂತದ ಸ್ವಿಂಬ್ರಿಜಿನಲ್ಲಿ ಪಾದ್ರಿಯಾದನು, 1883ರಲ್ಲಿ ತೀರಿಕೊಂಡನು. ಧರ್ಮೋಪದೇಶಕ್ಕಿಂತ ನರಿಬೇಟೆಯಿಂದಲೇ ಈತನ ಹೆಸರು ಉಳಿಯಿತೆಂದರೆ ತಪ್ಪಾಗದು. ರಸೆಲ್ಲನ ರೀತಿ ಸರಳವಾದುದು: ಬಿಲದಲ್ಲಿ ಚೆನ್ನಾಗಿ ದುಡಿದ ನಾಯಿಗಳನ್ನು ಕೂಡಿಸುವುದು, ದುಡಿಯಲಾರದವನ್ನು ಕೂಡಿಸದಿರುವುದು. ಇಲ್ಲಿ ಪರೀಕ್ಷಕನು ಬಿಲವೇ. ಎದೆ ದೊಡ್ಡದಾದ ನಾಯಿ ಒಳಕ್ಕೆ ಹೋಗಲಾರದು, ಪುಕ್ಕಲು ನಾಯಿ ಹೋಗದು, ಮುಂಗೋಪದ ನಾಯಿ ಬಹುಕಾಲ ಉಳಿಯದು. ಡಾರ್ವಿನ್ನನ 'ಜೀವಜಾತಿಗಳ ಉಗಮ' ಪ್ರಕಟವಾದುದು 1859ರಲ್ಲಿ, ಮೆಂಡೆಲ್ಲನ ಬಟಾಣಿ ಪ್ರಯೋಗಗಳು ಅಚ್ಚಾದುದು 1866ರಲ್ಲಿ. ರಸೆಲ್ ಅಷ್ಟರಲ್ಲಿ ನಾಲ್ಕು ದಶಕಗಳ ಕಾಲ ಆಯ್ಕೆಯ ತತ್ತ್ವವನ್ನು ಹೆಸರು ತಿಳಿಯದೆಯೇ ಪ್ರಯೋಗಿಸಿದ್ದನು.

1873ರಲ್ಲಿ ಇಂಗ್ಲೆಂಡಿನ ಕೆನೆಲ್ ಕ್ಲಬ್ ಸ್ಥಾಪಿತವಾಯಿತು. ರಸೆಲ್ ಸ್ವತಃ ಅದರ ಆರಂಭದ ಸದಸ್ಯರಲ್ಲೊಬ್ಬ. 1876ರಲ್ಲಿ ಫಾಕ್ಸ್ ಟೆರಿಯರ್ ಕ್ಲಬ್ ಹುಟ್ಟಿ ಆ ತಳಿಗೆ ಲಿಖಿತ ಲಕ್ಷಣವನ್ನು ಗೊತ್ತುಮಾಡಿತು. ಇನ್ನು ಮೇಲೆ ಬಿಲದ ಬದಲು ಪ್ರದರ್ಶನದ ಅಂಗಳವೂ, ಅಲ್ಲಿ ನಿಂತ ತೀರ್ಪುಗಾರನ ಕಣ್ಣೂ ಪರೀಕ್ಷಕರಾದುವು. ಫಲಿತಾಂಶ ಸಹಜವಾಗಿಯೇ ಬೇರೆಯಾಯಿತು. ಪ್ರದರ್ಶನದ ಫಾಕ್ಸ್ ಟೆರಿಯರಿನ ತಲೆ ನೀಳವಾಗಿ ಕಿರಿದಾಯಿತು, ಭುಜ ನೆಟ್ಟಗಾಯಿತು, ಎದೆ ಆಳವಾಯಿತು. ನೋಡಲು ಅದು ಬಲು ಚೆಲುವಾದ ಪ್ರಾಣಿ, ಸಂದೇಹವಿಲ್ಲ. ಆದರೆ ತೀರ್ಪುಗಾರನು ಕೇಳದ ಪ್ರಶ್ನೆಗೆ ಅದರ ದೇಹ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳಬೇಕಾದ ಕಾರಣವಿರಲಿಲ್ಲ. ಪರೀಕ್ಷೆಯಲ್ಲಿ ಬಾರದ ಪಾಠವನ್ನು ನಮ್ಮ ವಿದ್ಯಾರ್ಥಿಗಳು ಏನು ಮಾಡುತ್ತಾರೆಂಬುದು ಅಧ್ಯಾಪಕರಿಗೆಲ್ಲ ಗೊತ್ತೇ ಇದೆ.

ವೇಲ್ಸಿನ ಸೀಲಿಹ್ಯಾಮ್ ಟೆರಿಯರಿನ ಕಥೆ ಇನ್ನೂ ಖೇದಕರ. ಕ್ಯಾಪ್ಟನ್ ಜಾನ್ ಎಡ್ವರ್ಡ್ಸ್ ಎಂಬಾತನು 19ನೆಯ ಶತಮಾನದ ಉತ್ತರಾರ್ಧದಲ್ಲಿ ನೀರುನಾಯಿ, ಬ್ಯಾಜರ್ ಮೊದಲಾದವುಗಳ ಬೇಟೆಗಾಗಿ ಬೆಳೆಸಿದ ಈ ಗಿಡ್ಡ ಬಿಳಿಯ ನಾಯಿ ಪ್ರದರ್ಶನದಲ್ಲಿ ಹೆಸರು ಮಾಡಿ, ಕೆಲಸದಿಂದ ದೂರವಾಗಿ, ಕೊನೆಗೆ ಎರಡೂ ಕಡೆ ಕೇಳುವವರಿಲ್ಲದಂತಾಯಿತು. 2008ರಲ್ಲಿ ಬ್ರಿಟನ್ನಿನಲ್ಲಿ ನೋಂದಾಯಿತವಾದ ಸೀಲಿಹ್ಯಾಮ್ ಮರಿಗಳು 43 ಮಾತ್ರ. ವರ್ಷಕ್ಕೆ 300ಕ್ಕಿಂತ ಹೆಚ್ಚು ಮರಿಗಳು ನೋಂದಾಯಿತವಾಗದ ಸ್ವದೇಶಿ ತಳಿಯನ್ನು ಅಲ್ಲಿನ ಕೆನೆಲ್ ಕ್ಲಬ್ ಅಪಾಯದಲ್ಲಿರುವ ತಳಿಯೆಂದು ಪರಿಗಣಿಸುತ್ತದೆ.

ಹಾಗಾದರೆ ಪ್ರದರ್ಶನವನ್ನು ಬಿಟ್ಟು ಬಿಲವನ್ನೇ ಪರೀಕ್ಷಕನನ್ನಾಗಿ ಉಳಿಸಿಕೊಂಡಿದ್ದರೆ ಎಲ್ಲವೂ ಸರಿಯಾಗುತ್ತಿತ್ತೆ? ಹಲವು ಬೇಟೆಗಾರರು ಹೌದೆಂದೇ ವಾದಿಸುತ್ತಾರೆ. ಜರ್ಮನಿಯಲ್ಲಿ ಇದರ ಪ್ರಯೋಗವೇ ನಡೆದುಹೋಗಿದೆ. ಮೊದಲನೆಯ ಮಹಾಯುದ್ಧದ ತರುವಾಯ ಕೆಲವರು ಬೇಟೆಗಾರರು ಅಲ್ಲಿನ ಫಾಕ್ಸ್ ಟೆರಿಯರ್ ಸಂಘದಿಂದ ಹೊರಬಂದು, ಕೆಲಸವೊಂದನ್ನೇ ಗುರಿಯಾಗಿಟ್ಟುಕೊಂಡ ಹೊಸ ತಳಿಯೊಂದನ್ನು ನಿರ್ಮಿಸಲು ನಿಶ್ಚಯಿಸಿದರು. ವಾಲ್ಟರ್ ಜಾಂಗೆನ್‌ಬರ್ಗ್ ಎಂಬವರಿಗೆ ದೊರೆತ ನಾಲ್ಕು ಕಪ್ಪು-ಕಂದು ಟೆರಿಯರುಗಳೇ ಇದಕ್ಕೆ ಬುನಾದಿ. ಅನಂತರ ಹಳೆಯ ಇಂಗ್ಲಿಷ್ ಒರಟುಗೂದಲ ಟೆರಿಯರನ್ನೂ ವೆಲ್ಷ್ ಟೆರಿಯರನ್ನೂ ಅದರಲ್ಲಿ ಬೆರೆಸಿದರು. 1926ರಲ್ಲಿ ಸಂಘ ಸ್ಥಾಪಿತವಾಯಿತು. ಯಾಗ್ಟ್‌ಟೆರಿಯರ್, ಅಂದರೆ ಬೇಟೆಯ ಟೆರಿಯರ್, ಎಂಬ ಈ ನಾಯಿ ಜ್ಯಾಕ್ ರಸೆಲ್ಲಿಗಿಂತ ದೊಡ್ಡದು. 33ರಿಂದ 40 ಸೆಂಟಿಮೀಟರು ಎತ್ತರ, ಗಂಡಿಗೆ 9ರಿಂದ 10 ಕಿಲೋಗ್ರಾಂ ತೂಕ. ಬಿಲದಲ್ಲಿ ಮಾತ್ರವಲ್ಲದೆ ಕಾಡುಹಂದಿಯ ಬೇಟೆಯಲ್ಲಿಯೂ ಇದನ್ನು ಬಳಸುತ್ತಾರೆ. ಕೆಲಸಗಾರ ನಾಯಿಯೆಂದರೆ ಇದೇ ಎನ್ನುವಷ್ಟು ಇದರ ಕೀರ್ತಿ.

ಆದರೆ 2018ರಲ್ಲಿ ಈ ತಳಿಯ ಒಂದು ಕಾಯಿಲೆಯ ಮೂಲ ಪತ್ತೆಯಾಯಿತು. ದೇಹವು ದೀರ್ಘ ಶ್ರಮದ ಕಾಲದಲ್ಲಿ ಕೊಬ್ಬನ್ನು ಉರಿಸಿ ಶಕ್ತಿ ಪಡೆಯುತ್ತದಷ್ಟೆ. ಅದಕ್ಕೆ ಬೇಕಾದ ಒಂದು ಕಿಣ್ವವು ಈ ನಾಯಿಗಳಲ್ಲಿ ತಯಾರಾಗುವುದಿಲ್ಲ. ಮನೆಯಲ್ಲಿದ್ದಾಗ ನಾಯಿ ಆರೋಗ್ಯವಾಗಿಯೇ ಕಾಣುತ್ತದೆ. ಬಹಳ ದುಡಿಸಿದರೆ ಸ್ನಾಯುಗಳು ನೊಂದು, ಬಲಗುಂದಿ, ಮೂತ್ರ ಕಪ್ಪಾಗಿ ಕುಸಿದುಬೀಳುತ್ತದೆ. ದುಡಿಮೆಗಾಗಿಯೇ ನಿರ್ಮಿಸಿದ ತಳಿಯಲ್ಲಿ ದುಡಿಮೆಯಿಂದಲೇ ಹೊರಬೀಳುವ ರೋಗ! ಕಠಿನನಾದ ಈ ಪರೀಕ್ಷಕನ ಕಣ್ಣನ್ನು ಅದು ತಪ್ಪಿಸಿಕೊಂಡುದೆಂತು?

ಕಾಣದ ಜೀನು

ಪ್ರತಿಯೊಂದು ಜೀನಿನ ಎರಡು ಪ್ರತಿಗಳು ನಾಯಿಯಲ್ಲಿರುತ್ತವೆ. ತಾಯಿಯಿಂದ ಒಂದು, ತಂದೆಯಿಂದ ಒಂದು. ಅಪ್ರಬಲವಾದ ದೋಷವು ಎರಡು ಪ್ರತಿಗಳೂ ಕೆಟ್ಟಾಗ ಮಾತ್ರ ಪ್ರಕಟವಾಗುತ್ತದೆ. ಒಂದೇ ಕೆಟ್ಟಿದ್ದರೆ ನಾಯಿ ರೋಗಿಯಲ್ಲ, ವಾಹಕ. ವಾಹಕವು ಬಿಲದಲ್ಲಿಯೂ ಗೆಲ್ಲುತ್ತದೆ, ಪ್ರದರ್ಶನದಲ್ಲಿಯೂ ಗೆಲ್ಲುತ್ತದೆ. ಒಂದು ತಳಿಯ ಒಟ್ಟು ಜೀನು ಪ್ರತಿಗಳಲ್ಲಿ ದೋಷವುಳ್ಳವುಗಳ ಪ್ರಮಾಣವನ್ನು 'ದ' ಎಂದೂ ನಿರ್ದೋಷಿಗಳ ಪ್ರಮಾಣವನ್ನು 'ನಿ' ಎಂದೂ ಕರೆಯೋಣ. ನಾಯಿಗಳು ಯದೃಚ್ಛೆಯಾಗಿ ಕೂಡಿದರೆ ರೋಗಿಗಳ ಪ್ರಮಾಣ ದ², ವಾಹಕಗಳದು 2ನಿದ. ಇದನ್ನು 1908ರಲ್ಲಿ ಜರ್ಮನಿಯ ವೈನ್‌ಬರ್ಗನೂ ಇಂಗ್ಲೆಂಡಿನ ಹಾರ್ಡಿಯೂ ಬೇರೆಬೇರೆಯಾಗಿ ತೋರಿಸಿದರು. ನಮ್ಮ ರಾಮಾನುಜನ್ನರನ್ನು ಕೇಂಬ್ರಿಜಿಗೆ ಕರೆಸಿಕೊಂಡ ಹಾರ್ಡಿಯೇ ಈತ.

ಉದಾಹರಣೆಗೆ ದ ಎಂಬುದು ಹತ್ತರಲ್ಲೊಂದು ಎಂದಿಟ್ಟುಕೊಳ್ಳಿ. ಸಾವಿರ ನಾಯಿಗಳಲ್ಲಿ 10 ರೋಗಿಗಳು, 180 ವಾಹಕಗಳು. ಒಂದು ರೋಗಿಯ ಹಿಂದೆ ಹದಿನೆಂಟು ವಾಹಕಗಳು ಮರೆಯಾಗಿವೆ! ರೋಗಿಗಳನ್ನೆಲ್ಲ ಸಂತಾನೋತ್ಪತ್ತಿಯಿಂದ ದೂರವಿಟ್ಟರೆ ಏನಾಗುತ್ತದೆ? ಮುಂದಿನ ತಲೆಮಾರಿನಲ್ಲಿ ದೋಷದ ಪ್ರಮಾಣವು ದ/(1+ದ) ಆಗುತ್ತದೆ. ವಿದ್ಯಾರ್ಥಿಗಳು ಇದನ್ನು ತಾವೇ ಸಾಧಿಸಿ ನೋಡಬಹುದು. ಇದರ ವ್ಯುತ್ಕ್ರಮವನ್ನು ತೆಗೆದುಕೊಂಡರೆ ಸಂಗತಿ ಸುಲಭವಾಗುತ್ತದೆ: 1/ದ ಎಂಬ ಸಂಖ್ಯೆ ಪ್ರತಿ ತಲೆಮಾರಿಗೆ ಒಂದೊಂದರಂತೆ ಏರುತ್ತದೆ. ಈಗ ಅದು 10. ಇಪ್ಪತ್ತಾಗಲು, ಅಂದರೆ ದೋಷ ಅರ್ಧಕ್ಕೆ ಇಳಿಯಲು, ಹತ್ತು ತಲೆಮಾರು ಬೇಕು. ನಾಯಿಯ ತಲೆಮಾರನ್ನು ಮೂರು ವರ್ಷವೆಂದು ಹಿಡಿದರೂ ಮೂವತ್ತು ವರ್ಷ. ಬಿಲವೆಂಬ ಪರೀಕ್ಷಕನು ಒಂದು ರೋಗಿಯನ್ನೂ ಬಿಡದೆ ಹಿಡಿದನೆಂದು ಭಾವಿಸಿ ಮಾಡಿದ ಲೆಕ್ಕ ಇದು.

ರಕ್ತಸಂಬಂಧಿಗಳನ್ನು ಕೂಡಿಸಿದರೆ ಸಂಗತಿ ಮತ್ತಷ್ಟು ಕೆಡುತ್ತದೆ. ಒಳ್ಳೆಯ ನಾಯಿಯ ಗುಣವನ್ನು ತಳಿಯಲ್ಲಿ ನಿಲ್ಲಿಸಬೇಕೆಂದು ತಂದೆಯನ್ನು ಮಗಳೊಡನೆ ಕೂಡಿಸುವುದು ತಳಿಗಾರರ ಹಳೆಯ ಉಪಾಯ. ಒಂದೇ ಪೂರ್ವಜನ ಒಂದೇ ಜೀನು ಎರಡು ದಾರಿಗಳಿಂದ ಬಂದು ಮರಿಯಲ್ಲಿ ಕೂಡುವ ಸಂಭವನೀಯತೆಯನ್ನು ಅಳೆಯುವ ಅಂಕವನ್ನು ಸ್ಯೂಅಲ್ ರೈಟ್ ಎಂಬ ಅಮೆರಿಕದ ವಿಜ್ಞಾನಿಯು 1922ರಲ್ಲಿ ಕೊಟ್ಟನು. ತಂದೆ-ಮಗಳ ಕೂಡಿಕೆಗೆ ಅದು 1/4, ಮಲಸೋದರರಿಗೆ 1/8. ನಮ್ಮ ನಾಡಿನ ಹಲವು ಮನೆತನಗಳಲ್ಲಿ ನಡೆದುಬಂದಿರುವ ಸೋದರಮಾವ-ಸೊಸೆಯ ಮದುವೆಗೂ ಈ ಅಂಕ 1/8ವೇ ಎಂಬುದನ್ನು ವಾಚಕರು ಗಮನಿಸಬೇಕು. ಇದು ನಾಯಿಗಳ ಲೆಕ್ಕವೆಂದು ತಳ್ಳಿಹಾಕುವಂತಿಲ್ಲ. ಮೇಲಿನ ಉದಾಹರಣೆಯಲ್ಲಿ ಯದೃಚ್ಛೆಯ ಕೂಡಿಕೆಯಿಂದ ನೂರಕ್ಕೆ ಒಂದು ಮರಿ ರೋಗಿಯಾದರೆ, ತಂದೆ-ಮಗಳ ಕೂಡಿಕೆಯಿಂದ ನೂರಕ್ಕೆ ಮೂರಕ್ಕಿಂತಲೂ ಹೆಚ್ಚು. ನಾಲ್ಕೇ ನಾಯಿಗಳಿಂದ ಆರಂಭವಾದ ತಳಿಯಲ್ಲಿ ಪ್ರತಿ ಜೀನಿಗೂ ಎಂಟಕ್ಕಿಂತ ಹೆಚ್ಚು ಪ್ರತಿಗಳು ಮೊದಲಿಗೆ ಇರಲಾರವು. ಅನಂತರದ ಬೆರಕೆಯಿಂದ ಎಷ್ಟು ಬಂದೀತೋ ಅಷ್ಟೇ ಲಾಭ. ಅಮೆರಿಕದ ಜ್ಯಾಕ್ ರಸೆಲ್ ಟೆರಿಯರ್ ಕ್ಲಬ್ ಈ ಅಂಕ ನೂರಕ್ಕೆ 16ನ್ನು ಮೀರಿದ ನಾಯಿಯನ್ನು ನೋಂದಾಯಿಸುವುದಿಲ್ಲ. ನಾಯಿಗೆ ಒಂದು ವರ್ಷ ತುಂಬಿ ಪಶುವೈದ್ಯನು ಪರೀಕ್ಷಿಸಿದ ಮೇಲೆಯೇ ಅಲ್ಲಿ ನೋಂದಣಿ. ನನಗೆ ಇದು ಬಹಳ ವಿವೇಕದ ನಿಯಮವೆಂದು ತೋರುತ್ತದೆ. ಆದರೆ ಒಂದು ವರ್ಷದ ನಾಯಿಯಲ್ಲಿ ಕಾಣದ ದೋಷಗಳೂ ಉಂಟು.

ಅಂಥದೊಂದು ಟೆರಿಯರುಗಳ ಕಣ್ಣಿನದು. ಕಣ್ಣಿನ ಮಸೂರವು ನೂಲಿನಂಥ ಸೂಕ್ಷ್ಮ ತಂತುಗಳಿಂದ ಸುತ್ತಲೂ ಬಿಗಿಯಲ್ಪಟ್ಟು ತನ್ನ ಸ್ಥಾನದಲ್ಲಿ ನಿಂತಿರುತ್ತದೆ. ಕೆಲವು ನಾಯಿಗಳಲ್ಲಿ ಈ ತಂತುಗಳು ಸಾಮಾನ್ಯವಾಗಿ ಮೂರರಿಂದ ಎಂಟು ವರ್ಷ ವಯಸ್ಸಿನೊಳಗೆ ಹರಿದು, ಮಸೂರ ಜಾರುತ್ತದೆ. ಮುಂದಕ್ಕೆ ಜಾರಿದ ಮಸೂರ ಕಣ್ಣಿನೊಳಗಣ ದ್ರವದ ದಾರಿಗೆ ಅಡ್ಡವಾಗಿ ನಿಂತರೆ ಒತ್ತಡ ಏರಿ, ತಡೆಯಲಾರದ ನೋವಿನೊಡನೆ ಕಣ್ಣು ಕುರುಡಾಗುತ್ತದೆ. ಅಷ್ಟರಲ್ಲಿ ಆ ನಾಯಿ ಹಲವು ವರ್ಷ ಬಿಲದಲ್ಲಿ ದುಡಿದು, ಒಳ್ಳೆಯದೆನಿಸಿಕೊಂಡು, ಎರಡು ಮೂರು ಸಲ ಮರಿಗಳನ್ನೂ ಹಾಕಿರುತ್ತದೆ. 2010ರಲ್ಲಿ ಇದರ ಕಾರಣ ತಿಳಿಯಿತು: ಒಂದು ಜೀನಿನಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾಗಿದೆ. ಜ್ಯಾಕ್ ರಸೆಲ್, ಸೀಲಿಹ್ಯಾಮ್, ಯಾಗ್ಟ್‌ಟೆರಿಯರ್ ಸಹಿತ ಅನೇಕ ತಳಿಗಳಲ್ಲಿ ಅದೇ ಅಕ್ಷರವೇ ಬದಲಾಗಿರುವುದರಿಂದ, ಈ ತಳಿಗಳು ಕವಲೊಡೆಯುವುದಕ್ಕೆ ಮೊದಲೇ ಯಾವುದೋ ಒಂದು ಹಳೆಯ ನಾಯಿಯಲ್ಲಿ ಇದು ಹುಟ್ಟಿತೆಂದು ಊಹಿಸಬೇಕಾಗುತ್ತದೆ.

ಈಗ ಕೆನ್ನೆಯ ಒಳಭಾಗವನ್ನು ಸವರಿ ತೆಗೆದ ಜೀವಕೋಶಗಳಿಂದಲೇ ಮರಿಯು ರೋಗಿಯಾಗುವುದೋ, ವಾಹಕವೋ, ನಿರ್ದೋಷಿಯೋ ಎಂದು ತಿಳಿಯಬಹುದು. ವಾಹಕಗಳನ್ನೆಲ್ಲ ತಳಿಯಿಂದ ಹೊರದೂಡಬೇಕೆಂದು ಅವಸರಪಡುವವರುಂಟು. ಅದು ತಪ್ಪು. ಸೀಲಿಹ್ಯಾಮಿನಂಥ ವಿರಳ ತಳಿಯಲ್ಲಿ ಹಾಗೆ ಮಾಡಿದರೆ ಉಳಿದ ಕೆಲವೇ ನಾಯಿಗಳು ತಮ್ಮತಮ್ಮಲ್ಲೇ ಕೂಡಿ, ಇನ್ನಾವುದೋ ಮರೆಯಾದ ದೋಷ ತಲೆಯೆತ್ತುತ್ತದೆ. ವಾಹಕವನ್ನು ನಿರ್ದೋಷಿಯೊಡನೆ ಕೂಡಿಸಿದರೆ ಮರಿಗಳಲ್ಲಿ ಸರಾಸರಿ ಅರ್ಧ ವಾಹಕ, ಅರ್ಧ ನಿರ್ದೋಷಿ. ರೋಗಿ ಒಂದೂ ಇಲ್ಲ. ಒಳ್ಳೆಯ ನಾಯಿಯ ಉಳಿದ ಗುಣಗಳನ್ನು ಕಳೆದುಕೊಳ್ಳದೆಯೇ ಮುಂದಿನ ತಲೆಮಾರಿನಲ್ಲಿ ನಿರ್ದೋಷಿಗಳನ್ನು ಆರಿಸಿಕೊಳ್ಳಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಬೇಟೆಯ ಔಚಿತ್ಯದ ಪ್ರಶ್ನೆ ಉಳಿಯುತ್ತದೆ. ಬಿಲದೊಳಗೆ ಕಾದಾಟವಾದರೆ ನರಿಗೂ ನಾಯಿಗೂ ಆಗುವ ಹಿಂಸೆಯನ್ನು ಸಂಪ್ರದಾಯದ ಹೆಸರಿನಲ್ಲಿ ಮುಚ್ಚಿಡಲಾಗದು. ಬ್ರಿಟನ್ನಿನಲ್ಲಿ ಪ್ರಾಣಿಗಳನ್ನು ಕಟ್ಟಿಹಾಕಿ ಕಾದಾಡಿಸುವುದು 1835ರ ಕಾಯಿದೆಯಿಂದ ನಿಷಿದ್ಧವಾಯಿತು. ಬ್ಯಾಜರ್ 1973ರಿಂದ ಕಾನೂನಿನ ರಕ್ಷಣೆ ಪಡೆಯಿತು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2004ರ ಬೇಟೆ ಕಾಯಿದೆ 2005ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಮೇಲೆ ನಾಯಿಗಳಿಂದ ನರಿಯನ್ನು ಬೇಟೆಯಾಡುವುದು ಅಪರಾಧ. ಬಂದೂಕಿನ ಬೇಟೆಗಾಗಿ ಸಾಕುವ ಹಕ್ಕಿಗಳ ರಕ್ಷಣೆಗೆಂದು ಮಾತ್ರ, ಜಮೀನಿನವನ ಲಿಖಿತ ಒಪ್ಪಿಗೆಯೇ ಮೊದಲಾದ ನಿಬಂಧನೆಗಳೊಡನೆ, ಒಂದೇ ಒಂದು ನಾಯಿಯನ್ನು ಬಿಲಕ್ಕೆ ಬಿಡಲು ಆ ಕಾಯಿದೆ ಅವಕಾಶ ಕೊಟ್ಟಿದೆ. ನಮ್ಮ ದೇಶದಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನರಿ, ಗುಳ್ಳೆನರಿಗಳೆರಡೂ ಸಂರಕ್ಷಿತ ಪ್ರಾಣಿಗಳು.

ಬಿಲದ ಪರೀಕ್ಷೆಯನ್ನು ರಕ್ತಪಾತವಿಲ್ಲದೆ ಉಳಿಸಿಕೊಳ್ಳುವ ಒಂದು ಉಪಾಯವನ್ನು ಅಮೆರಿಕದ ಕೆನೆಲ್ ಕ್ಲಬ್ 1994ರಿಂದ ನಡೆಸಿಕೊಂಡು ಬಂದಿದೆ. ನೆಲದಲ್ಲಿ 9 ಅಂಗುಲ ಅಗಲ, 9 ಅಂಗುಲ ಎತ್ತರದ ಹಲಗೆಯ ಸುರಂಗ. ಒಟ್ಟು 30 ಅಡಿ ಉದ್ದ. ನಡುವೆ ಮೂರು ಲಂಬಕೋನದ ತಿರುವುಗಳು. ತುದಿಯಲ್ಲಿ ಭದ್ರವಾದ ಕಂಬಿಗಳ ಹಿಂದೆ ನಾಯಿಯ ಹಲ್ಲಿಗೆ ಸಿಗದಂತೆ ಇಲಿಗಳನ್ನು ಇಟ್ಟಿರುತ್ತಾರೆ. ಮೊದಲ ದರ್ಜೆಯ ಬಿರುದಿಗಾಗಿ ಬಂದ ನಾಯಿಯು 30 ಸೆಕೆಂಡಿನೊಳಗೆ ಕತ್ತಲೆಯ ಸುರಂಗವನ್ನು ದಾಟಿ ಇಲಿಗಳ ಮುಂದೆ ನಿಲ್ಲಬೇಕು. ಅನಂತರ 60 ಸೆಕೆಂಡು ಎಡೆಬಿಡದೆ ಬೊಗಳುತ್ತಲೋ ಕೆರೆಯುತ್ತಲೋ ಅಲ್ಲಿಯೇ ನಿಂತಿರಬೇಕು. ಮೇಲೆ ತೀರ್ಪುಗಾರನು ಗಡಿಯಾರ ಹಿಡಿದು ಕಾದಿರುತ್ತಾನೆ.